ಮುಟ್ಟಬೇಡಿ ಎಂಬ ಬೋರ್ಡಿನ ಕೆಳಗೆ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಹತ್ತಿರ ಹತ್ತಿರದಲ್ಲೇ ಎರಡು ಮ್ಯೂಸಿಯಂಗಳಿವೆ. ಒಂದು ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಶುರುವಾಗಿ 1877ರಲ್ಲಿ ಈಗಿನ ಕಟ್ಟಡ ಕಂಡದ್ದು. ಇನ್ನೊಂದು ವಿಶ್ವೇಶ್ವರಯ್ಯ ಮ್ಯೂಸಿಯಂ, 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಮೊದಲನೆಯದರಲ್ಲಿ ಏನನ್ನೂ ಮುಟ್ಟುವಂತಿಲ್ಲ. ಎರಡನೆಯದರಲ್ಲಿ ಮುಟ್ಟದೇ ಇದ್ದರೆ ಏನೂ ನಡೆಯುವುದಿಲ್ಲ. ಗುಂಡಿ ಒತ್ತಬೇಕು, ಹಿಡಿ ತಿರುಗಿಸಬೇಕು, ಒತ್ತಿದ ಗುಂಡಿಯನ್ನೇ ಹಿಂದಿನಿಂದ ಇನ್ನೂ ನಾಲ್ಕು ಮಕ್ಕಳು ಒತ್ತುವಾಗ ಮೊಣಕೈ ಅಡ್ಡ ಇಟ್ಟುಕೊಂಡು ನಿಲ್ಲಬೇಕು.

ಫ್ಯಾಂಟಸಿ ಸಿನಿಮಾಕ್ಕೂ ವೈಜ್ಞಾನಿಕ ಕಲ್ಪನೆಯ ಸಿನಿಮಾಕ್ಕೂ ಮ್ಯೂಸಿಯಂ ಎಂದರೆ ಎಲ್ಲಿಲ್ಲದ ಮೋಹ. ಆದರೆ ಇಬ್ಬರೂ ಅಲ್ಲಿಗೆ ಹೋಗುವ ಕೆಲಸ ಬೇರೆ ಬೇರೆ. ನಮ್ಮ ಮ್ಯೂಸಿಯಮ್ಮಿನಲ್ಲಿ ಮಲಗಿರುವ ಹಳೇ ಕಾಲವನ್ನು ಎಬ್ಬಿಸಿ ಕೂರಿಸುವುದು ಫ್ಯಾಂಟಸಿಯ ಆಸೆ. ಇನ್ಯಾರದೋ ಮ್ಯೂಸಿಯಮ್ಮಿನಲ್ಲಿ ನಮ್ಮನ್ನೇ ಮಲಗಿಸಿ ತೋರಿಸುವುದು ವೈಜ್ಞಾನಿಕ ಕಲ್ಪನೆಯ ಚಟ. ಅಲ್ಲಿ ಪ್ರದರ್ಶನದ ವಸ್ತು ಗಾಜಿನಾಚೆಯಿಂದ ಈಚೆಗೆ ಬರುತ್ತದೆ, ಇಲ್ಲಿ ನಾವು ಈಚೆಯಿಂದ ಆಚೆಗೆ ಹೋಗುತ್ತೇವೆ.

ಮೊದಲನೆಯದು ನಮಗೇನೂ ಹೊಸದಲ್ಲ. ಬತ್ತೀಸ ಪುತ್ತಳಿ ಕಥೆಯಲ್ಲಿ ಮಣ್ಣಿನಿಂದ ಅಗೆದು ತೆಗೆದ ವಿಕ್ರಮಾದಿತ್ಯನ ಸಿಂಹಾಸನವನ್ನು ಭೋಜರಾಜ ಹತ್ತಲು ಹೋದಾಗಲೆಲ್ಲ ಮೆಟ್ಟಿಲ ಮೇಲಿನ ಒಂದೊಂದು ಬೊಂಬೆ ಬಾಯಿ ಬಿಟ್ಟು ಅವನನ್ನು ತಡೆಯುತ್ತದಲ್ಲ, ಅದು ಅಪ್ಪಟ ಮ್ಯೂಸಿಯಂ ಕಥೆ. ಉತ್ಖನನದಲ್ಲಿ ಸಿಕ್ಕ ವಸ್ತು, ಅದನ್ನು ತನ್ನದು ಎಂದುಕೊಂಡ ಹೊಸ ಯಜಮಾನ, ‘ಇದಕ್ಕೆ ನೀನು ಯೋಗ್ಯನೇನಯ್ಯ?’ ಎಂದು ಕೇಳುವ ವಸ್ತು. 2018ರ ‘ಬ್ಲ್ಯಾಕ್ ಪ್ಯಾಂಥರ್’ನಲ್ಲಿ ಆಫ್ರಿಕಾದ ಕಲಾಕೃತಿಗಳ ಮುಂದೆ ನಿಂತ ಖಳನಾಯಕ ಕಿಲ್‌ಮಾಂಗರ್, ಇವೆಲ್ಲ ನಿಮ್ಮ ಕೈಗೆ ಹೇಗೆ ಬಂದವು ಎಂದು ಮ್ಯೂಸಿಯಂ ಅಧಿಕಾರಿಯನ್ನು ಕೇಳುವುದೂ ಅದೇ ಪ್ರಶ್ನೆ. ಬೊಂಬೆಯ ಬದಲು ಮನುಷ್ಯ ಕೇಳುತ್ತಾನೆ, ಅಷ್ಟೇ. ಕಥೆಯಲ್ಲಿ ಅದು ಲಂಡನ್ನಿನ ಮ್ಯೂಸಿಯಂ, ಚಿತ್ರೀಕರಣ ನಡೆದದ್ದು ಅಮೆರಿಕದ ಅಟ್ಲಾಂಟಾದ ಹೈ ಮ್ಯೂಸಿಯಮ್ಮಿನಲ್ಲಿ.

ಸಿನಿಮಾದ ಮ್ಯೂಸಿಯಂ ಹೀಗೆ ಒಂದೂರಿನ ಹೆಸರು, ಇನ್ನೊಂದೂರಿನ ಗೋಡೆ. 2006ರ ‘ನೈಟ್ ಅಟ್ ದ ಮ್ಯೂಸಿಯಂ’ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ರಾತ್ರಿಯಾದರೆ ವಸ್ತುಗಳೆಲ್ಲ ಎದ್ದು ಓಡಾಡುವ, ಕಾವಲುಗಾರನೊಬ್ಬ ಅವನ್ನು ಸಂಭಾಳಿಸುವ ಕಥೆ. ಹೊರಗಿನ ಮುಖ ಅಲ್ಲಿಯದೇ. ಒಳಗಿನದೆಲ್ಲ ಕೆನಡಾದ ವ್ಯಾಂಕೂವರ್ ಕಡೆ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಬೇರೆ ದಾರಿಯೂ ಇರಲಿಲ್ಲ. ಕುದುರೆ ಓಡುವ, ಕೋತಿ ಬೀಗದ ಕೈ ಕಸಿಯುವ ದೃಶ್ಯಕ್ಕೆ ನಿಜವಾದ ಹಾಲ್ ಬಿಟ್ಟುಕೊಡುವ ಕ್ಯುರೇಟರ್ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆ ಚಿತ್ರ ಗೆದ್ದದ್ದು ಗ್ರಾಫಿಕ್ಸಿನಿಂದ ಎನ್ನುವವರಿದ್ದಾರೆ. ಗೆದ್ದದ್ದು ನಿಯಮಗಳಿಂದ. ಎಲ್ಲಕ್ಕೂ ಜೀವ ಕೊಡುವುದು ಈಜಿಪ್ಟಿನ ಒಂದೇ ಒಂದು ಫಲಕ. ಸಮಯ ಸೂರ್ಯಾಸ್ತದಿಂದ ಸೂರ್ಯೋದಯದ ತನಕ. ಬೆಳಗಾದಾಗ ಕಟ್ಟಡದ ಹೊರಗಿದ್ದವರು ಬೂದಿ. ಡೈನೋಸಾರ್ ಅಸ್ಥಿಪಂಜರಕ್ಕೆ ಮೂಳೆ ಎಸೆಯಬೇಕು, ಕಲ್ಲಿನ ತಲೆಗೆ ಬಬಲ್ ಗಮ್ ಕೊಡಬೇಕು. ಎದ್ದು ಬರುವ ವಸ್ತುವಿಗೆ ಮಿತಿ ಇಲ್ಲದಿದ್ದರೆ ಕಾವಲುಗಾರನಿಗೆ ಕೆಲಸವೇ ಇರುವುದಿಲ್ಲ, ಓಡುವುದೊಂದು ಬಿಟ್ಟು. ಈ ಜಾತಿಯ ಸೋತ ಚಿತ್ರಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲೇ: ಮೊದಲ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಎಬ್ಬಿಸಿಬಿಡುತ್ತವೆ, ಆಮೇಲೆ ಯಾವುದನ್ನು ಹೇಗೆ ಮಲಗಿಸಬೇಕೆಂದು ಬರೆದವರಿಗೇ ಗೊತ್ತಿರುವುದಿಲ್ಲ.

ಅಸ್ಥಿಪಂಜರ ಎದ್ದು ನಡೆಯುವುದೂ ಅಂದುಕೊಂಡಷ್ಟು ಸಲೀಸಲ್ಲ. ಮ್ಯೂಸಿಯಮ್ಮಿನ ಡೈನೋಸಾರ್ ಮೂಳೆಗಳನ್ನು ಹಿಡಿದು ನಿಲ್ಲಿಸಿರುವುದು ಉಕ್ಕಿನ ಚೌಕಟ್ಟು. ಬೆನ್ನುಮೂಳೆಯ ಉದ್ದಕ್ಕೂ ಸರಳು, ಪಕ್ಕೆಲುಬಿಗೆ ಬಾಗಿಸಿದ ಪಟ್ಟಿ, ಕಾಲಿನ ಹಿಂದೆ ನೆಲಕ್ಕೆ ಬೋಲ್ಟ್ ಹಾಕಿದ ಕಂಬ. ಪ್ರಾಣಿ ಹೆಜ್ಜೆ ಎತ್ತಬೇಕಾದರೆ ಮೊದಲು ಸ್ಪ್ಯಾನರ್ ಬೇಕು. ತಲೆ ಇನ್ನೊಂದು ತಲೆನೋವು. ಚಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ‘ಸೂ’ ಎಂಬ ಟಿ. ರೆಕ್ಸ್‌ನ ನಿಜವಾದ ತಲೆಬುರುಡೆ ಸುಮಾರು 270 ಕೆಜಿ ತೂಗುತ್ತದೆ. ಚೌಕಟ್ಟು ತಡೆಯುವುದಿಲ್ಲವೆಂದು ಅದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಕುತ್ತಿಗೆಯ ಮೇಲೆ ಹಗುರವಾದ ಅಚ್ಚನ್ನು ಕೂರಿಸಿದ್ದಾರೆ. ರಾತ್ರಿ ಎಚ್ಚರವಾದ ಸೂ ಮೊದಲು ಹುಡುಕಬೇಕಾದದ್ದು ಕಾವಲುಗಾರನನ್ನಲ್ಲ, ತನ್ನ ತಲೆಯನ್ನು.

ಬೆಂಗಳೂರಿನಲ್ಲಿ ಈ ಕಥೆಗೆ ಬೇರೆಯದೇ ತೊಡಕು. ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಸ್ಪೈನೋಸಾರಸ್ ಮೋಟಾರಿನ ಮಾದರಿ. ಹಾಡುಹಗಲೇ ಕತ್ತು ತಿರುಗಿಸಿ, ಬಾಯಿ ತೆರೆದು ಘರ್ಜಿಸುತ್ತದೆ. ಹಗಲಲ್ಲೇ ಅಲ್ಲಾಡುವುದು ರಾತ್ರಿಯೂ ಅಲ್ಲಾಡಿದರೆ ಸುದ್ದಿ ಏನು? ಅಲ್ಲಿ ಹೆದರಿಸಬೇಕಾದರೆ ಘರ್ಜಿಸುತ್ತಿದ್ದದ್ದು ತಟ್ಟನೆ ನಿಲ್ಲಬೇಕು.

ಇನ್ನು ಗಾಜು. ಮ್ಯೂಸಿಯಂ ಸಿನಿಮಾ ತೆಗೆಯುವವರ ನಿದ್ದೆ ಕೆಡಿಸುವುದು ಮಮ್ಮಿಯಲ್ಲ, ಮಮ್ಮಿಯ ಪೆಟ್ಟಿಗೆಯ ಗಾಜು. ನೇರ ನಿಂತು ಕ್ಯಾಮೆರಾ ಇಟ್ಟರೆ ಗಾಜಿನಲ್ಲಿ ಮೊದಲು ಕಾಣುವುದು ಕ್ಯಾಮೆರಾ, ಅದರ ಹಿಂದೆ ಟೀ ಲೋಟ ಹಿಡಿದ ಸಹಾಯಕ. ಹಾಗಾಗಿ ಕ್ಯಾಮೆರಾವನ್ನು ಓರೆಗೆ ಸರಿಸುತ್ತಾರೆ, ಅದರ ಹಿಂದೆ ಅಗಲವಾದ ಕಪ್ಪು ಬಟ್ಟೆ ಕಟ್ಟುತ್ತಾರೆ, ಲೆನ್ಸಿಗೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕುತ್ತಾರೆ. ಪೋಲರೈಸರ್ ಚೆನ್ನಾಗಿ ಕೆಲಸ ಮಾಡುವುದು ಗಾಜಿಗೆ ಸುಮಾರು 35 ಡಿಗ್ರಿ ಓರೆಯಿಂದ ನೋಡಿದಾಗ. ನೇರದಿಂದ ನೋಡಿದರೆ ಅದು ಇದ್ದೂ ಇಲ್ಲದಂತೆ, ಬೆಳಕು ತಿಂದುಹಾಕುವುದಷ್ಟೇ ಅದರ ಕೆಲಸ. ಸೆಟ್ ಹಾಕಿದವರು ಇಷ್ಟೆಲ್ಲ ಕಷ್ಟಪಡುವುದಿಲ್ಲ. ಗಾಜನ್ನೇ ತೆಗೆದುಬಿಡುತ್ತಾರೆ. ಒಂದು ಮೂಲೆಯಲ್ಲಿ ಮಾತ್ರ ತುಂಡು ಗಾಜು ಸಿಕ್ಕಿಸಿ ಅದರ ಮೇಲೆ ಒಂದು ಬಿಳಿ ಮಿಂಚು ಬೀಳಿಸಿದರೆ ಸಾಕು, ಉಳಿದ ಗಾಜನ್ನು ಪ್ರೇಕ್ಷಕರೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ.

ಒಡೆಯುವ ದೃಶ್ಯವಂತೂ ಶುದ್ಧ ಸುಳ್ಳು. ಖಳನಾಯಕ ಮೊಣಕೈಯಿಂದ ಗುದ್ದುತ್ತಾನೆ, ಗಾಜು ಜಲಪಾತದಂತೆ ಸುರಿಯುತ್ತದೆ, ಅವನು ರತ್ನ ಎತ್ತಿಕೊಂಡು ನಡೆಯುತ್ತಾನೆ. ಆ ಗಾಜು ಹಿಂದೆ ಸಕ್ಕರೆ ಪಾಕದಿಂದ ಎರೆದದ್ದು, ಈಗ ರಾಳದ್ದು. ಬೆಲೆಬಾಳುವ ವಸ್ತುವಿನ ನಿಜವಾದ ಪೆಟ್ಟಿಗೆಗೆ ಹಾಕುವುದು ಲ್ಯಾಮಿನೇಟೆಡ್ ಗಾಜು, ಎಂದರೆ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಅಂಟಿಸಿದ್ದು. ಸುತ್ತಿಗೆಯಿಂದ ಹೊಡೆದರೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ, ಆದರೆ ಜಪ್ಪಯ್ಯ ಎಂದರೂ ಜಾಗ ಬಿಟ್ಟು ಕದಲುವುದಿಲ್ಲ. ಮೊಣಕೈಯಿಂದ ಗುದ್ದಿದವನು ಹೋಗುವುದು ಮೂಳೆ ಡಾಕ್ಟರ ಹತ್ತಿರ. ಕತ್ತಲ ಹಾಲಿನಲ್ಲಿ ಅಡ್ಡಾದಿಡ್ಡಿ ಹರಿದ ಕೆಂಪು ಲೇಸರ್ ಗೆರೆಗಳ ನಡುವೆ ಕಳ್ಳಿ ಬಳುಕಿ ಬಳುಕಿ ದಾಟುವುದೂ ಅಷ್ಟೇ. ಲೇಸರ್ ಗೆರೆ ಗಾಳಿಯಲ್ಲಿ ಕಾಣಬೇಕಾದರೆ ಹೊಗೆಯೋ ದೂಳೋ ಇರಬೇಕು. ಮ್ಯೂಸಿಯಂಗಳು ಸಾಮಾನ್ಯವಾಗಿ ನೆಚ್ಚಿಕೊಳ್ಳುವುದು ಮೈಶಾಖದ ಚಲನೆ ಹಿಡಿಯುವ ಇನ್‌ಫ್ರಾರೆಡ್ ಸೆನ್ಸರುಗಳನ್ನು. ಅದರ ಮುಂದೆ ಎಷ್ಟು ಬಳುಕಿದರೂ ಮೈ ಬಿಸಿ ಇರುವ ತನಕ ಗಂಟೆ ಹೊಡೆಯುತ್ತದೆ. ಈ ಪರೀಕ್ಷೆಯಲ್ಲಿ ಪಾಸಾಗುವವರು ರಕ್ತಪಿಶಾಚಿಗಳು ಮತ್ತು ಮಮ್ಮಿಗಳು ಮಾತ್ರ. ಫ್ಯಾಂಟಸಿಯವರು ಇದನ್ನು ಇನ್ನೂ ಸರಿಯಾಗಿ ಬಳಸಿಕೊಂಡಂತಿಲ್ಲ.

ಕಾಡುಪ್ರಾಣಿಗಳ ಡಯೋರಾಮಾ ಎಂಬುದು ಹುಟ್ಟಿನಿಂದಲೇ ಸಿನಿಮಾ ಸೆಟ್. ನ್ಯೂಯಾರ್ಕಿನ ಅದೇ ಮ್ಯೂಸಿಯಮ್ಮಿನಲ್ಲಿ 1936ರಲ್ಲಿ ತೆರೆದ ಏಕ್ಲಿ ಹಾಲಿನಲ್ಲಿ ಇಂಥ 28 ಇವೆ. ಮುಂದೆ ನಿಜವಾದ ಚರ್ಮ ಹೊದಿಸಿದ ಪ್ರಾಣಿ, ಮೇಣದ ಎಲೆ, ನಿಜವಾದ ಮಣ್ಣು. ಹಿಂದೆ ಮೂಲೆಯೇ ಇಲ್ಲದಂತೆ ಬಾಗಿಸಿದ ಗೋಡೆ, ಅದರ ಮೇಲೆ ಬರೆದ ಆಕಾಶ. ನೆಲ ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಸಿಗಬಾರದು. ಆ ಪ್ರಾಣಿಗಳಿಗೆ ಜೀವ ಬಂದಾಗ ನಾಯಕ ಓಡಿ ಹೋಗಿ ಸಿಂಹವನ್ನು ತಬ್ಬಿಕೊಳ್ಳುವುದು ಮಾತ್ರ ಬೇಡ. ಹುಳು ಹಿಡಿಯದಿರಲೆಂದು ಹಳೆಯ ತೊಗಲುಗಳಿಗೆ ಆರ್ಸೆನಿಕ್ ಸೋಪು ಸವರುತ್ತಿದ್ದರು, ಆ ವಿಷ ಇನ್ನೂ ಕೂದಲಲ್ಲಿದೆ. ಅಂಥದ್ದನ್ನು ಸರಿಸುವ ಸಿಬ್ಬಂದಿ ಕೈಗವಸು, ಮುಖಗವಸು ಹಾಕಿಯೇ ಮುಟ್ಟುತ್ತಾರೆ. ಈಗ ಹುಳು ಕೊಲ್ಲಲು ವಿಷ ಬೇಡ. ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಟ್ಟರೆ ಮುಗಿಯಿತು.

ಕೆಂಪು ಕಟ್ಟಡದಲ್ಲಿ ಫ್ಯಾಂಟಸಿ ಬರೆಯುವವರು ಕಣ್ಣೆತ್ತಿಯೂ ನೋಡದೆ ದಾಟಿ ಹೋಗುವ ಒಂದು ಕಲ್ಲಿದೆ. ಮದ್ದೂರಿನ ಸೀಮೆಯ ಆತಕೂರಿನಿಂದ ಬಂದದ್ದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಕಾಳಗದಲ್ಲಿ ಮಣಲೇರ ಎಂಬವನು ಮೆರೆದ ಶೌರ್ಯಕ್ಕೆ ಮೆಚ್ಚಿ ಗಂಗರ ದೊರೆ ಬೂತುಗ ‘ಬೇಕಾದ್ದು ಕೇಳು’ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಹೊಡೆದಾಡಿಕೊಂಡು ಸತ್ತವು. ನಾಯಿಗೊಂದು ವೀರಗಲ್ಲು ನಿಂತಿತು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಇವತ್ತಿಗೂ ಕಚ್ಚಾಡುತ್ತಿವೆ. ಇಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿನ ಗೊರವ, ಎಂದರೆ ಶೈವ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದೂ ಕೊರೆದಿದ್ದಾರೆ. ಈಗ ಕಲ್ಲು ಮ್ಯೂಸಿಯಮ್ಮಿನಲ್ಲಿದೆ, ಪೂಜೆ ಇಲ್ಲ, ಎಲ್ಲರ ಊಟವೂ ಹೊತ್ತು ಹೊತ್ತಿಗೆ ನಡೆಯುತ್ತಿದೆ. ಇದಕ್ಕಿಂತ ಗಟ್ಟಿಯಾದ ಮೊದಲ ದೃಶ್ಯ ಬೇಕೆಂದರೆ ಎಲ್ಲಿಂದ ತರುವುದು? ಮಮ್ಮಿಯ ಶಾಪವನ್ನು ಕೈರೋದಿಂದ ಆಮದು ಮಾಡಿಕೊಳ್ಳುವ ದರ್ದು ನಮಗಿಲ್ಲ.

ತೆಗೆಯುವುದಾದರೆ ಒಂದು ಎಚ್ಚರ. ಶಾಸನದ ಕಲ್ಲಿಗೆ ಎದುರಿನಿಂದ ಲೈಟ್ ಹಾಕಬಾರದು. ಅಕ್ಷರದ ಆಳ ತೀರಾ ಕಮ್ಮಿ, ಎದುರು ಬೆಳಕಿಗೆ ಎಲ್ಲ ಚಪ್ಪಟೆಯಾಗಿ ಬರಿ ಬಂಡೆ ಕಾಣುತ್ತದೆ. ಬೆಳಕು ಕಲ್ಲಿನ ಮೈಗೆ ಒರಸಿಕೊಂಡಂತೆ, ಹತ್ತು-ಹದಿನೈದು ಡಿಗ್ರಿ ಓರೆಯಲ್ಲಿ ಪಕ್ಕದಿಂದ ಬರಬೇಕು. ಆಗ ಪ್ರತಿ ಗೆರೆಗೂ ಒಂದು ನೆರಳು ಹುಟ್ಟಿ ಅಕ್ಷರ ಎದ್ದು ನಿಲ್ಲುತ್ತದೆ. ಶಾಸನ ಓದುವವರು ಮಾಡುವುದೂ ಇದನ್ನೇ. ಸಿನಿಮಾದ ಕಾವಲುಗಾರನ ಕೈಯಲ್ಲಿ ಸದಾ ಟಾರ್ಚ್ ಇರುವುದಕ್ಕೆ ಕಾರಣವೂ ಇಲ್ಲೇ ಇದೆ. ನಿಜವಾದ ಮ್ಯೂಸಿಯಮ್ಮಿನಲ್ಲಿ ರಾತ್ರಿ ನಾಲ್ಕಾರು ದೀಪ ಉರಿಯುತ್ತಲೇ ಇರುತ್ತವೆ, ಟಾರ್ಚ್ ಬೇಕಾಗುವುದು ಅಪರೂಪ. ಛಾಯಾಗ್ರಾಹಕನಿಗೆ ಮಾತ್ರ ಚಲಿಸುವ ಬೆಳಕು ಬೇಕೇ ಬೇಕು. ಬೆಳಕು ಸರಿದರೆ ನೆರಳು ಸರಿಯುತ್ತದೆ, ನೆರಳು ಸರಿದರೆ ನಿಂತ ವಸ್ತು ಅಲುಗಾಡಿದಂತೆ ಕಾಣುತ್ತದೆ. ಒಂದು ಪೈಸೆ ಗ್ರಾಫಿಕ್ಸ್ ಖರ್ಚಿಲ್ಲದೆ ನಾಯಿ ಕತ್ತು ಹೊರಳಿಸಿತಲ್ಲ ಎಂದು ಜನ ಬೆಚ್ಚುತ್ತಾರೆ.

ವೈಜ್ಞಾನಿಕ ಕಲ್ಪನೆಯ ಮ್ಯೂಸಿಯಮ್ಮಿಗೆ ಈ ಕತ್ತಲು ಬೇಡ. 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ನಲ್ಲಿ ತಪ್ಪಿಸಿಕೊಂಡು ಓಡುವ ಗಗನಯಾತ್ರಿ ವಾನರರ ಮ್ಯೂಸಿಯಮ್ಮಿಗೆ ನುಗ್ಗುತ್ತಾನೆ. ಅಲ್ಲಿ ಡಯೋರಾಮಾದಲ್ಲಿ ನಿಂತಿರುವುದು ಮನುಷ್ಯರು, ಹೊಟ್ಟು ತುಂಬಿಸಿ ನಿಲ್ಲಿಸಿದವರು. ಅವರಲ್ಲೊಬ್ಬ ಅವನ ಜೊತೆಗೇ ಬಂದಿಳಿದ ಸಹಯಾತ್ರಿ ಡಾಡ್ಜ್. ಯಾರೂ ಎದ್ದು ಬರುವುದಿಲ್ಲ, ಬರದೇ ಇರುವುದೇ ಭಯ. ಈ ಚಿತ್ರದ ಕೊನೆಯ ದೃಶ್ಯವನ್ನು ಲೋಕವೆಲ್ಲ ಕೊಂಡಾಡುತ್ತದೆ, ಮ್ಯೂಸಿಯಂ ದೃಶ್ಯ ಅದಕ್ಕಿಂತ ಒಂದು ಕೈ ಮೇಲು ಎಂದೇ ನನ್ನ ವಾದ. ನಾವು ಜಿಂಕೆಗೆ ಮಾಡಿದ್ದನ್ನು ಅಷ್ಟೇ ಅಚ್ಚುಕಟ್ಟಾಗಿ ನಮಗೆ ಮಾಡಿದ್ದಾರೆ, ದ್ವೇಷವೇನೂ ಇಲ್ಲ.

1960ರ ‘ದಿ ಟೈಮ್ ಮಷೀನ್’ನಲ್ಲಿ ಕ್ರಿ.ಶ. 802701ಕ್ಕೆ ಹೋದವನು ಪುಸ್ತಕ ಕೇಳುತ್ತಾನೆ. ಕೈ ಇಟ್ಟ ಕೂಡಲೇ ಅದು ಪುಡಿಪುಡಿ. ದೃಶ್ಯ ಸರಿ, ಲೆಕ್ಕ ಮಾತ್ರ ತೀರಾ ಉದಾರ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನಲ್ಲಿ ಮಾಡಿದ ಅಗ್ಗದ ಕಾಗದದಲ್ಲೇ ಆಮ್ಲ ಇರುತ್ತದೆ. ನೂರು ವರ್ಷದೊಳಗೆ ಹಳದಿಯಾಗಿ, ಮಡಿಚಿದಲ್ಲಿ ಮುರಿಯುತ್ತದೆ. ಎಂಟು ಲಕ್ಷ ವರ್ಷ ಕಾಯಬೇಕಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ತಿರುವಿದವರ ಬೆರಳಿಗೆ ಆ ಪುಡಿ ಗೊತ್ತು. 2002ರಲ್ಲಿ ಅದೇ ಕಥೆಯನ್ನು ಮತ್ತೆ ತೆಗೆದಾಗ ಪುಸ್ತಕದ ಜಾಗಕ್ಕೆ ಗಾಜಿನೊಳಗೆ ಮಾತಾಡುವ ಹಾಲೊಗ್ರಾಮ್ ಗ್ರಂಥಪಾಲಕ ಬಂದ. ಎಂಟು ಲಕ್ಷ ವರ್ಷದ ಬಳಿಕವೂ ಅವನು ಸರಾಗವಾಗಿ ಉತ್ತರ ಕೊಡುತ್ತಾನೆ. ಎಂದರೆ ಅಷ್ಟು ಕಾಲವೂ ಆ ಊರಿನಲ್ಲಿ ಒಮ್ಮೆಯೂ ಕರೆಂಟ್ ಹೋಗಿಲ್ಲ. ವಾನರ ಸಾಮ್ರಾಜ್ಯವನ್ನು ನಂಬಿದ ಬೆಂಗಳೂರಿನ ಪ್ರೇಕ್ಷಕ ಇದನ್ನು ನಂಬುವುದು ಕಷ್ಟ.

ಎಲ್ಲಕ್ಕಿಂತ ತಣ್ಣಗಿನ ಮ್ಯೂಸಿಯಂ 2006ರ ‘ಚಿಲ್ಡ್ರನ್ ಆಫ್ ಮೆನ್’ನದು. ಲೋಕದಲ್ಲಿ ಮಕ್ಕಳು ಹುಟ್ಟುವುದೇ ನಿಂತುಹೋಗಿದೆ. ಲಂಡನ್ನಿನಲ್ಲಿ ಒಬ್ಬ ಅಧಿಕಾರಿ ಜಗತ್ತಿನ ಕಲಾಕೃತಿಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಾನೆ. ಬಾಗಿಲಲ್ಲಿ ಮೈಕೆಲೆಂಜೆಲೋನ ಡೇವಿಡ್, ಒಂದು ಕಾಲು ಮುರಿದು ಸರಳು ಹಾಕಿದ್ದಾರೆ. ಊಟದ ಮನೆಯ ಗೋಡೆಯ ತುಂಬ ಪಿಕಾಸೋನ ಗೆರ್ನಿಕಾ. ನೂರು ವರ್ಷದ ಮೇಲೆ ಇದನ್ನೆಲ್ಲ ನೋಡಲು ಯಾರೂ ಇರುವುದಿಲ್ಲವಲ್ಲ ಎಂದು ನಾಯಕ ಕೇಳಿದರೆ, ಅದನ್ನು ಯೋಚಿಸುವುದೇ ಇಲ್ಲ ಎನ್ನುತ್ತಾನೆ ಅವನು. ಮ್ಯೂಸಿಯಂ ಇಡುವುದು ಇನ್ನೂ ಹುಟ್ಟದವರಿಗಾಗಿ. ಅವರು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಅದು ಮ್ಯೂಸಿಯಂ ಅಲ್ಲ, ಒಬ್ಬ ದೊಡ್ಡ ಮನುಷ್ಯನ ಡೈನಿಂಗ್ ರೂಮ್.

ಜಾಡಿಯಲ್ಲಿ ಮಿದುಳು ಎಂಬ ಹಳೇ ಸರಕಿನ ಬಗ್ಗೆಯೂ ಒಂದು ಮಾತು. ಹಸಿರು ದ್ರವದಲ್ಲಿ ಗುಳ್ಳೆ ಏಳುತ್ತಿರುತ್ತದೆ, ಮಿದುಳು ಯೋಚಿಸುತ್ತಿರುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಮ್ಮೇ ಇದೆ. ಅಲ್ಲಿ ಕೈಗವಸು ಹಾಕಿಕೊಂಡು ನಿಜವಾದ ಮಿದುಳನ್ನು ಹಿಡಿದು ನೋಡಲೂ ಬಿಡುತ್ತಾರೆ. ಹಿಡಿದವರಿಗೆ ಸಿನಿಮಾದ ಜಾಡಿ ಅಲ್ಲಿಗೇ ಸುಳ್ಳಾಗುತ್ತದೆ. ಜೀವಂತ ಮಿದುಳು ಗಟ್ಟಿ ಮೊಸರಿಗಿಂತ ಚೂರು ಬಿಗಿ, ಅಷ್ಟೇ. ಕೈಗೆ ಸಿಗುವುದು ರಬ್ಬರಿನಂತೆ ಬಿಗಿಯಾದ, ಬಣ್ಣ ಕಳೆದುಕೊಂಡ, ಸುಮಾರು 1.3 ಕೆಜಿಯ ಗಡ್ಡೆ. ಬಿಗಿ ಬಂದದ್ದು ಫಾರ್ಮಲಿನ್‌ನಿಂದ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಶಾಶ್ವತವಾಗಿ ಕಟ್ಟಿಹಾಕುತ್ತದೆ. ಕೊಳೆಯದಂತೆ ಉಳಿಸಿದ ಗುಣವೇ ಮತ್ತೆ ಎಂದೂ ಯೋಚಿಸದಂತೆ ಮಾಡುತ್ತದೆ. ಮಾತಾಡುವ ಮಿದುಳು ಬೇಕೆನ್ನುವ ನಿರ್ದೇಶಕರು ಜಾಡಿಗೆ ಫಾರ್ಮಲಿನ್ ಎಂದು ಚೀಟಿ ಅಂಟಿಸದಿದ್ದರೆ ಒಳ್ಳೆಯದು.

ಕಸ್ತೂರ್ಬಾ ರಸ್ತೆಯಲ್ಲೇ ಶೂಟಿಂಗ್ ಎಂದು ಹೊರಟವರಿಗೆ ಲೆಕ್ಕ ಹೀಗಿದೆ. ಕೆಂಪು ಕಟ್ಟಡಕ್ಕೆ ರಾಜ್ಯದ ಪುರಾತತ್ವ ಇಲಾಖೆಯನ್ನು ಕೇಳಬೇಕು, ವಿಶ್ವೇಶ್ವರಯ್ಯಕ್ಕೆ ಕೇಂದ್ರದ ವಿಜ್ಞಾನ ಮ್ಯೂಸಿಯಂಗಳ ಮಂಡಳಿಯನ್ನು. ಕಲ್ಲಿಗೆ ಬೆಳಕಿನಿಂದ ತೊಂದರೆಯಿಲ್ಲ. ಬಟ್ಟೆ, ಕಾಗದ, ಜಲವರ್ಣದ ಚಿತ್ರ ಇದ್ದರೆ ಕಥೆ ಬೇರೆ. ಅಂಥವಕ್ಕೆ ಸಾಮಾನ್ಯ ಮಿತಿ 50 ಲಕ್ಸ್ (ಲಕ್ಸ್ ಎಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ). ದಿನಕ್ಕೆ ಎಂಟು ಗಂಟೆ ಬಾಗಿಲು ತೆರೆದರೆ 400 ಲಕ್ಸ್-ಗಂಟೆ. ನಿಮ್ಮ ಲೈಟುಗಳು ವಸ್ತುವಿನ ಮೇಲೆ 2000 ಲಕ್ಸ್ ಸುರಿಸಿ ಹತ್ತು ಗಂಟೆ ಉರಿದರೆ 20000. ಒಂದೇ ರಾತ್ರಿಯಲ್ಲಿ 50 ದಿನದ ಬೆಳಕು ಕುಡಿಸಿದಂತಾಯಿತು, ಮಾಸಿದ ಬಣ್ಣ ವಾಪಸು ಬರುವುದಿಲ್ಲ. ಹೊಗೆ ಯಂತ್ರ ತಂದರೆ ಫೈರ್ ಅಲಾರಂ ಹೊಡೆಯುತ್ತದೆ, ಜಿಡ್ಡು ವಸ್ತುಗಳ ಮೇಲೆ ಕೂರುತ್ತದೆ. ಧ್ವನಿಯ ಆಸೆ ಬಿಟ್ಟುಬಿಡಿ. ಕ್ರಿಸ್ತಪೂರ್ವದ ದೃಶ್ಯದ ಹಿಂದೆಯೂ ಬಸ್ಸಿನ ಹಾರ್ನ್ ಕೇಳುತ್ತದೆ, ಡಬ್ಬಿಂಗೇ ಗತಿ.

ಇಷ್ಟು ಮಾಡಿದವರು ಮುನ್ನೂರು ವರ್ಷದಾಚೆಯ ಬೆಂಗಳೂರು ಮ್ಯೂಸಿಯಮ್ಮಿನ ಸೆಟ್ ಹಾಕುವಾಗ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮೊಬೈಲ್ ಬೆಳಗಿಸಿಟ್ಟು ಕೈತೊಳೆದುಕೊಳ್ಳುತ್ತಾರೆ. ಮೊಬೈಲ್ ಅಷ್ಟು ದಿನ ಬಾಳುವುದಿಲ್ಲ. ಲಿಥಿಯಂ ಬ್ಯಾಟರಿ ಉಬ್ಬುತ್ತದೆ, ಅದಕ್ಕೇ ಮ್ಯೂಸಿಯಂನವರು ಬ್ಯಾಟರಿ ತೆಗೆದಿಡುತ್ತಾರೆ. ಒಳಗಿನ ಫ್ಲ್ಯಾಶ್ ಮೆಮರಿಯೂ ಕರೆಂಟ್ ಕಾಣದೆ ಹಾಗೇ ಕೂತರೆ ವರ್ಷಗಳಲ್ಲಿ ಬರೆದದ್ದನ್ನು ಮರೆಯುತ್ತದೆ. ಇಯರ್‌ಫೋನಿನ ಸ್ಪಂಜು, ಶೂ ಅಟ್ಟೆಯ ಫೋಮ್ ಕೆಲವು ದಶಕದಲ್ಲೇ ಪುಡಿಯಾಗುತ್ತವೆ. ಬಸ್ ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಥರ್ಮಲ್ ಟಿಕೆಟ್ಟಿನ ಅಕ್ಷರ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮಾಯ. ಅಚ್ಚು ಹಾಕಿದ ಹಳೇ ಬಣ್ಣದ ಟಿಕೆಟ್ಟೇ ಅದಕ್ಕಿಂತ ಚಿರಾಯು.

ನಿಜವಾಗಿ ಉಳಿಯಬಹುದಾದ್ದು ಬೇಕೆಂದರೆ ಆಟೋದ ಹಳೇ ಯಾಂತ್ರಿಕ ಮೀಟರ್ ಇಡಿ, ಬಾವುಟದಂಥ ಹಿಡಿಯನ್ನು ಕೆಳಕ್ಕೆ ತಿರುಗಿಸುವಂಥದ್ದು. ಚಕ್ರದಿಂದ ಬರುವ ಕೇಬಲ್, ಒಳಗೆ ಲೋಹದ ಹಲ್ಲುಗಾಲಿಗಳು, ಅಂಕಿ ಕೊರೆದ ಉರುಳೆಗಳು. ಹಳೇ ಗ್ರೀಸ್ ತೊಳೆದು ಒಣಜಾಗದಲ್ಲಿಟ್ಟರೆ ಮುನ್ನೂರು ವರ್ಷ ಲೆಕ್ಕಕ್ಕೇ ಇಲ್ಲ. ಬರಲಿರುವ ಕಾಲದ ಪಂಡಿತರು ಅದನ್ನು ಬಿಚ್ಚಿ, ಸೂಕ್ಷ್ಮದರ್ಶಕದಲ್ಲಿ ಹಲ್ಲುಗಳ ಸವೆತ ಅಳೆದು ಲೇಬಲ್ ಬರೆಯುತ್ತಾರೆ: ‘ಪ್ರಯಾಣದ ವಾಹನದ ಮುಂಭಾಗದಲ್ಲಿ ಕೂರಿಸುತ್ತಿದ್ದ ಸಾಧನ. ಬೆಂಗಳೂರು, ಇಪ್ಪತ್ತನೇ ಶತಮಾನದ ಕೊನೆ. ಯಂತ್ರ ಸುಸ್ಥಿತಿಯಲ್ಲಿದೆ. ಬಳಸಿದ ಗುರುತು ಕಂಡುಬಂದಿಲ್ಲ. ಬಹುಶಃ ಪೂಜೆಗೆ.’